ಹುಲ್ಲುಹಾಸು ಮತ್ತು ಕೈತೋಟ ನಿರ್ವಹಣೆಯ ಕಿರು ಉದ್ಯಮ: ಆರಂಭಿಸಲಿಚ್ಛಿಸುವವರಿಗೆ ಮಾಹಿತಿ

ಪೀಠಿಕೆ

ಹೈದರಾಲಿಯು 1760ರಲ್ಲಿ ಲಾಲ್‌ಬಾಗ್ ಸಸ್ಯೋದ್ಯಾನಕ್ಕೆ ನಾಂದಿ ಹಾಡಿದ ಕಾಲದಿಂದಲೂ ಬೆಂಗಳೂರು ತೋಟದ ಕಸುಬು ಬಲ್ಲವರ ಊರಾಗಿದೆ. ಇಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು ಮೊದಲಾದ ನಗರಗಳ ಮನೆ, ವಸತಿ ಸಮುಚ್ಚಯ, ಶಾಲೆ, ಆಸ್ಪತ್ರೆ ಹಾಗೂ ಕಾರ್ಖಾನೆಗಳ ಆವರಣದಲ್ಲಿ ಹುಲ್ಲುಹಾಸು ಮತ್ತು ಗಿಡಗಳನ್ನು ಬೆಳೆಸಲಾಗಿದ್ದು, ಅವುಗಳ ಪಾಲನೆಗೆ ನುರಿತ ಕೈಗಳು ಬೇಕಾಗಿವೆ.

ಆದಾಗ್ಯೂ, ಕಸುಬಿನಲ್ಲಿ ಪಳಗಿದ ಅನೇಕ ಮಾಲಿಗಳು ವರ್ಷಾನುಗಟ್ಟಲೆ ದಿನಗೂಲಿಯಲ್ಲಿಯೇ ಉಳಿಯುತ್ತಾರೆ. ಸ್ವಂತ ಯಂತ್ರ ಕೊಂಡವರೂ ಕೆಲವೊಮ್ಮೆ ಯಂತ್ರ ಕೆಟ್ಟ ದಿನ ಪುನಃ ಕೂಲಿಗೆ ಮರಳುವುದುಂಟು. ಕೆಲಸದ ನಿಜವಾದ ವೆಚ್ಚವನ್ನು ಲೆಕ್ಕ ಹಾಕದೆ ದರ ಒಪ್ಪಿಕೊಳ್ಳುವುದು ಹಾಗೂ ಬೇಸಿಗೆಯ ನೀರಿನ ಅಭಾವಕ್ಕೆ ಸಿದ್ಧರಾಗದಿರುವುದು ಇದಕ್ಕೆ ಮುಖ್ಯ ಕಾರಣಗಳು. ಈ ಎರಡು ಅಂಶಗಳಿಗೆ ವಿಶೇಷ ಗಮನ ನೀಡಿ, ಉದ್ಯಮದ ಆರಂಭ, ನೋಂದಣಿ, ಸಾಲ ಸೌಲಭ್ಯ ಹಾಗೂ ವಿಸ್ತರಣೆಯ ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

1. ಉದ್ಯಮದ ವ್ಯಾಪ್ತಿ

ಈ ಉದ್ಯಮದಡಿ ಸಾಮಾನ್ಯವಾಗಿ ಈ ಕೆಳಕಂಡ ಸೇವೆಗಳನ್ನು ಒದಗಿಸಬಹುದಾಗಿದೆ:

ಅ) ಹುಲ್ಲುಹಾಸು ಕತ್ತರಿಸುವುದು, ಅಂಚು ಸವರುವುದು, ಕಳೆ ತೆಗೆಯುವುದು.
ಆ) ಬೇಲಿ ಗಿಡ ಹಾಗೂ ಹೂಗಿಡಗಳ ಸವರುವಿಕೆ, ಗೊಬ್ಬರ ನೀಡಿಕೆ, ಕುಂಡಗಳ ಮಣ್ಣು ಬದಲಾವಣೆ.
ಇ) ಹೊಸ ಹುಲ್ಲುಹಾಸು ಹಾಗೂ ಕೈತೋಟದ ನಿರ್ಮಾಣ, ತಾರಸಿ ತೋಟದ ಪಾಲನೆ.
ಈ) ಒಣ ಎಲೆ ಮತ್ತು ಹುಲ್ಲಿನಿಂದ ಕಾಂಪೋಸ್ಟ್ ತಯಾರಿಕೆ.
ಉ) ಹನಿ ಮತ್ತು ತುಂತುರು ನೀರಾವರಿ ಕೊಳವೆಗಳ ಜೋಡಣೆ ಹಾಗೂ ದುರಸ್ತಿ.

ಆರಂಭದಲ್ಲಿ (ಅ) ಮತ್ತು (ಆ) ಸೇವೆಗಳನ್ನು ಕೈಗೊಂಡು, ಅನುಭವ ಹೆಚ್ಚಿದಂತೆ ಉಳಿದವುಗಳನ್ನು ಸೇರಿಸಿಕೊಳ್ಳುವುದು ಸೂಕ್ತ. ಹುಲ್ಲು ಕತ್ತರಿಸುವ ಕೆಲಸವೊಂದನ್ನೇ ನೆಚ್ಚಿಕೊಂಡವರಿಗೆ ಮಳೆಗಾಲದಲ್ಲಿ ಬಿಡುವಿರುವುದಿಲ್ಲ, ಬೇಸಿಗೆಯಲ್ಲಿ ಕೆಲಸವಿರುವುದಿಲ್ಲ ಎಂಬುದನ್ನು ಗಮನಿಸುವುದು.

2. ತರಬೇತಿ

ಈ ಉದ್ಯಮಕ್ಕೆ ಔಪಚಾರಿಕ ವಿದ್ಯಾರ್ಹತೆ ಕಡ್ಡಾಯವಲ್ಲ. ಆದರೆ ತರಬೇತಿ ಪಡೆದವರು ಗ್ರಾಹಕರ ವಿಶ್ವಾಸವನ್ನು ಬೇಗ ಗಳಿಸುತ್ತಾರೆ. ತೋಟಗಾರಿಕೆ ಇಲಾಖೆಯ ತರಬೇತಿ ಕೇಂದ್ರಗಳಲ್ಲಿ ರೈತ ಕುಟುಂಬಗಳ ಯುವಕ-ಯುವತಿಯರಿಗಾಗಿ 10 ತಿಂಗಳ ತೋಟಗಾರಿಕೆ ತರಬೇತಿಯನ್ನು ನಡೆಸಿಕೊಂಡು ಬರಲಾಗಿದೆ. ಅರ್ಹತೆ ಮತ್ತು ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ತಿಳಿಸಲಾಗುತ್ತದೆ.

1982ರಲ್ಲಿ ಉಜಿರೆಯಲ್ಲಿ ಆರಂಭಗೊಂಡ ರುಡ್‌ಸೆಟ್ ಸಂಸ್ಥೆ ಹಾಗೂ ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುತ್ತಿರುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ-ವಸತಿ ಸಹಿತ ಉಚಿತ ತರಬೇತಿ ದೊರೆಯುತ್ತದೆ. ಲೆಕ್ಕ ಬರೆಯುವುದು, ಬ್ಯಾಂಕ್ ವ್ಯವಹಾರ ಮತ್ತು ಗ್ರಾಹಕರೊಡನೆ ಮಾತುಕತೆ ಅಲ್ಲಿ ಕಲಿಯಬಹುದಾದ ಉಪಯುಕ್ತ ವಿಷಯಗಳು. ಇವೆರಡೂ ಸಾಧ್ಯವಾಗದಿದ್ದಲ್ಲಿ, ಅನುಭವಿ ಮಾಲಿಯ ಜೊತೆ ಕನಿಷ್ಠ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕೆಲಸ ಮಾಡುವುದು ಉತ್ತಮ.

3. ಉಪಕರಣಗಳು

ಗುದ್ದಲಿ, ಸಲಿಕೆ, ಕಳೆ ತೆಗೆಯುವ ಕುರ್ಪಿ, ಕುಡುಗೋಲು, ಸಿಕೇಚರ್, ಬೇಲಿ ಕತ್ತರಿ, ಬಾಂಡ್ಲಿ, ಹೋಸ್ ಪೈಪು ಮತ್ತು ಕೈ ಸ್ಪ್ರೇಯರ್ ಇವು ಮೊದಲ ದಿನದಿಂದಲೇ ಬೇಕಾಗುವ ಸಾಮಗ್ರಿಗಳು. ಹುಲ್ಲು ಕತ್ತರಿಸುವ ಯಂತ್ರದ ಆಯ್ಕೆಯಲ್ಲಿ ಈ ಅಂಶಗಳನ್ನು ಪರಿಗಣಿಸುವುದು:

- ಕೈಯಿಂದ ತಳ್ಳುವ ಯಂತ್ರ: ಸಣ್ಣ, ಸಮತಟ್ಟಾದ ಹುಲ್ಲುಹಾಸಿಗೆ ಸೂಕ್ತ. ಇಂಧನ ಬೇಡ, ದುರಸ್ತಿ ಕಡಿಮೆ. ಎತ್ತರ ಬೆಳೆದ ಹುಲ್ಲಿಗೆ ಆಗದು.
- ವಿದ್ಯುತ್ ಯಂತ್ರ: ಶಬ್ದ ಮತ್ತು ಹೊಗೆ ಕಡಿಮೆಯಿರುವ ಕಾರಣ ಮನೆಗಳಿಗೂ ಆಸ್ಪತ್ರೆಗಳಿಗೂ ಒಪ್ಪುತ್ತದೆ. ತಂತಿಯ ಬಗ್ಗೆ ಎಚ್ಚರ ಅಗತ್ಯ.
- ಪೆಟ್ರೋಲ್ ಯಂತ್ರ: ವಿಸ್ತಾರವಾದ ಮೈದಾನಗಳಿಗೆ ಅನುಕೂಲ. ಸಣ್ಣ ಕೈತೋಟಕ್ಕೆ ದುಬಾರಿ.
- ಬ್ರಷ್ ಕಟರ್: ಖಾಲಿ ನಿವೇಶನ, ಇಳಿಜಾರು ಮತ್ತು ಅಂಚುಗಳ ಹುಲ್ಲಿಗೆ ಉಪಯುಕ್ತ. ಹುಲ್ಲುಹಾಸಿನ ನಡುವೆ ಬಳಸಿದರೆ ಮಟ್ಟ ಕೆಡುತ್ತದೆ.

ಗ್ರಾಹಕರು ನಿಗದಿಯಾಗುವ ಮುನ್ನವೇ ದೊಡ್ಡ ಯಂತ್ರ ಕೊಳ್ಳಬಾರದು. ಮೊದಲ ಎರಡು-ಮೂರು ತಿಂಗಳು ಬಾಡಿಗೆ ಯಂತ್ರ ಬಳಸಿ, ತಮ್ಮ ಗ್ರಾಹಕರ ತೋಟಗಳ ಅಳತೆ ತಿಳಿದ ನಂತರ ಖರೀದಿಸುವುದು ಲೇಸು. ಖರೀದಿಯ ಸಂದರ್ಭದಲ್ಲಿ ಬಿಡಿಭಾಗಗಳು ಮತ್ತು ದುರಸ್ತಿ ಸೇವೆ ಅದೇ ಊರಿನಲ್ಲಿ ದೊರೆಯುವುದೇ ಎಂದು ವಿಚಾರಿಸತಕ್ಕದ್ದು.

4. ದರ ನಿಗದಿ

ಉದ್ಯಮದ ಅಳಿವು-ಉಳಿವು ದರ ನಿಗದಿಯನ್ನು ಅವಲಂಬಿಸಿದೆ. ಬಹುತೇಕರು ತಮ್ಮ ದಿನದ ಕೂಲಿಯನ್ನಷ್ಟೇ ಎಣಿಸಿ ದರ ಹೇಳುತ್ತಾರೆ. ಯಂತ್ರದ ಸವೆತ, ಓಡಾಟ, ಮಳೆ ಬಂದು ನಿಂತ ಕೆಲಸ, ಅಲಗು ಹರಿತಗೊಳಿಸುವ ಖರ್ಚು ಇವು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಕೆಳಗಿನ ಲೆಕ್ಕವನ್ನು ಉದಾಹರಣೆಗಾಗಿ ಮಾತ್ರ ನೀಡಲಾಗಿದ್ದು, ಅರ್ಜಿದಾರರು ತಮ್ಮ ಊರಿನ ಬೆಲೆಗಳನ್ನು ಹಾಕಿಕೊಂಡು ಮರುಲೆಕ್ಕ ಮಾಡತಕ್ಕದ್ದು.

ಒಬ್ಬರೇ ನಡೆಸುವ ಉದ್ಯಮದ ತಿಂಗಳ ವೆಚ್ಚ:

- ಹುಲ್ಲು ಕತ್ತರಿಸುವ ಯಂತ್ರ (ಬೆಲೆ ರೂ. 24,000, ಬಾಳಿಕೆ 4 ವರ್ಷ): ರೂ. 500
- ಬ್ರಷ್ ಕಟರ್ (ಬೆಲೆ ರೂ. 12,000, ಬಾಳಿಕೆ 2 ವರ್ಷ): ರೂ. 500
- ಕೈ ಉಪಕರಣಗಳು (ಬೆಲೆ ರೂ. 6,000, ಬಾಳಿಕೆ 1 ವರ್ಷ): ರೂ. 500
- ದ್ವಿಚಕ್ರ ವಾಹನದ ಇಂಧನ ಮತ್ತು ದುರಸ್ತಿ: ರೂ. 3,000
- ಯಂತ್ರದ ಇಂಧನ, ಎಣ್ಣೆ, ಅಲಗು ಹರಿತಗೊಳಿಸುವಿಕೆ: ರೂ. 1,500
- ದೂರವಾಣಿ, ವಿಮೆ, ಇತರೆ: ರೂ. 500
- ಮಾಲೀಕರ ಸ್ವಂತ ದುಡಿಮೆಯ ಸಂಬಳ: ರೂ. 20,000
- ಒಟ್ಟು: ರೂ. 26,500

ತಿಂಗಳಿಗೆ 24 ದಿನ, ದಿನಕ್ಕೆ 8 ಗಂಟೆಯಂತೆ 192 ಗಂಟೆಗಳಾಗುತ್ತವೆ. ಆದರೆ ಓಡಾಟ, ಯಂತ್ರ ಶುದ್ಧೀಕರಣ, ಹೊಸ ಗ್ರಾಹಕರ ಭೇಟಿ ಇವುಗಳನ್ನು ಕಳೆದು, ಹಣ ಬರುವ ಕೆಲಸ ದಿನಕ್ಕೆ ಐದೂವರೆ ಗಂಟೆ ಎಂದಿಟ್ಟುಕೊಂಡರೆ 132 ಗಂಟೆ ಮಾತ್ರ ಉಳಿಯುತ್ತದೆ. ರೂ. 26,500ನ್ನು 132ರಿಂದ ಭಾಗಿಸಿದಾಗ ಗಂಟೆಗೆ ಸುಮಾರು ರೂ. 200 ಆಗುತ್ತದೆ. ಸಂಬಳದ ರೂ. 20,000ನ್ನು ಮಾತ್ರ 192 ಗಂಟೆಗಳಿಗೆ ಹಂಚಿದ್ದರೆ ಗಂಟೆಗೆ ರೂ. 104 ಎಂದು ತೋರುತ್ತಿತ್ತು. ಹೀಗೆ ದರ ಹೇಳಿದವರು ಪ್ರತಿ ಗಂಟೆಯೂ ತಮ್ಮ ದುಡಿಮೆಯ ಸುಮಾರು ಅರ್ಧದಷ್ಟನ್ನು ಅರಿವಿಲ್ಲದೆ ಬಿಟ್ಟುಕೊಡುತ್ತಾರೆ.

ಮೇಲಿನ ದರದಂತೆ, ವಾರಕ್ಕೊಮ್ಮೆ 2 ಗಂಟೆ ಕೆಲಸವಿರುವ ಕೈತೋಟಕ್ಕೆ ನಾಲ್ಕು ಭೇಟಿಗೆ ತಿಂಗಳಿಗೆ ರೂ. 1,600 ಆಗುತ್ತದೆ. ಇಂತಹ 16 ತೋಟಗಳು ಒಬ್ಬರ ಪೂರ್ಣ ದುಡಿಮೆಗೆ ಸಾಕು. ಇವು ಒಂದೇ ಬಡಾವಣೆಯಲ್ಲಿದ್ದರೆ ಓಡಾಟದ ಸಮಯ ಉಳಿದು ಅಷ್ಟೇ ಆದಾಯ ಹೆಚ್ಚುತ್ತದೆ. ಆದ್ದರಿಂದ ದೂರದ ಹೊಸ ಗ್ರಾಹಕರಿಗಿಂತ ಅದೇ ರಸ್ತೆಯ ಎರಡನೇ ಮನೆಗೆ ಆದ್ಯತೆ ನೀಡುವುದು. ಸಾಲದ ಬಡ್ಡಿಯಿದ್ದಲ್ಲಿ ಅದನ್ನೂ ವೆಚ್ಚಕ್ಕೆ ಸೇರಿಸತಕ್ಕದ್ದು. ಸವೆತದ ಬಾಬ್ತು ತಿಂಗಳಿಗೆ ರೂ. 1,500ನ್ನು ಪ್ರತ್ಯೇಕ ಖಾತೆಯಲ್ಲಿ ಇರಿಸಿದಲ್ಲಿ, ಯಂತ್ರ ಕೆಟ್ಟ ದಿನ ಕೈಸಾಲದ ಅಗತ್ಯ ಬೀಳುವುದಿಲ್ಲ.

5. ಹುಲ್ಲುಹಾಸಿನ ಪಾಲನೆ

ಕೊರಿಯನ್ ಹುಲ್ಲು ನಿಧಾನವಾಗಿ, ದಟ್ಟವಾಗಿ ಬೆಳೆಯುತ್ತದೆ. ಕತ್ತರಿಸುವ ಕೆಲಸ ಕಡಿಮೆ, ಆದರೆ ಹಾಳಾದಲ್ಲಿ ಚೇತರಿಕೆಯೂ ನಿಧಾನ. ಬರ್ಮುಡಾ ಹುಲ್ಲು ನಮ್ಮ ಗರಿಕೆಯ ಜಾತಿಗೆ ಸೇರಿದ್ದು, ಬಿಸಿಲು ಮತ್ತು ತುಳಿತವನ್ನು ತಾಳಿಕೊಳ್ಳುತ್ತದೆ. ಆದರೆ ನೆರಳಿನಲ್ಲಿ ಸೊರಗುತ್ತದೆ. ದಿನಕ್ಕೆ ಕೆಲವು ಗಂಟೆಗಳಾದರೂ ನೇರ ಬಿಸಿಲು ಬೀಳದ ಜಾಗದಲ್ಲಿ ಹುಲ್ಲುಹಾಸಿನ ಬದಲು ನೆರಳು ತಾಳುವ ಗಿಡಗಳನ್ನು ಬೆಳೆಸಲು ಗ್ರಾಹಕರಿಗೆ ಸಲಹೆ ನೀಡುವುದು. ಒಗ್ಗದ ಜಾಗದಲ್ಲಿ ಹುಲ್ಲು ಹಾಕಿಕೊಟ್ಟರೆ ಕೆಟ್ಟ ಹೆಸರು ಬರುವುದು ಕೆಲಸ ಮಾಡಿದವರಿಗೇ.

ಒಂದು ಬಾರಿಗೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. 3 ಸೆಂ.ಮೀ. ಎತ್ತರ ಉಳಿಸಬೇಕಾದಲ್ಲಿ, ಹುಲ್ಲು 4.5 ಸೆಂ.ಮೀ. ತಲುಪಿದಾಗ ಕತ್ತರಿಸುವುದು. ಬುಡದವರೆಗೆ ಬೋಳಿಸಿದರೆ ಮುಂದಿನ ಭೇಟಿ ತಡವಾಗಬಹುದೆಂಬ ಗ್ರಾಹಕರ ನಿರೀಕ್ಷೆ ಸರಿಯಲ್ಲ. ಬೇರು ದುರ್ಬಲಗೊಂಡು ಕಳೆ ನುಗ್ಗುತ್ತದೆ. ಮೊಂಡಾದ ಅಲಗು ಹುಲ್ಲನ್ನು ಕತ್ತರಿಸದೆ ಹರಿಯುವುದರಿಂದ ತುದಿಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಒದ್ದೆ ಹುಲ್ಲನ್ನು ಕತ್ತರಿಸಬಾರದು. ಮುಂಗಾರಿನಲ್ಲಿ ವಾರ ಅಥವಾ ಹತ್ತು ದಿನಕ್ಕೊಮ್ಮೆ ಕತ್ತರಿಸಬೇಕಾದ ಹುಲ್ಲಿಗೆ ಚಳಿಗಾಲದಲ್ಲಿ ಇನ್ನಷ್ಟು ಅಂತರ ನೀಡಬಹುದು.

ಹೊಸ ಹುಲ್ಲುಹಾಸಿಗೆ ಮುಂಗಾರಿನ ಆರಂಭ ಸೂಕ್ತ ಕಾಲ. ಮಣ್ಣನ್ನು ಸುಮಾರು ಒಂದಡಿ ಅಗೆದು, ನೀರು ಹಾಯಿಸಿ, ಮೊಳೆತ ಕಳೆಯನ್ನು ಬೇರುಸಹಿತ ತೆಗೆದ ನಂತರವೇ ಹುಲ್ಲು ನೆಡತಕ್ಕದ್ದು. ಹೊರಗಿನಿಂದ ತಂದ ಕೆಂಪು ಮಣ್ಣಿನ ಜೊತೆ ಜೇಕಿನ ಗಡ್ಡೆ ಬಂದಲ್ಲಿ, ಅದನ್ನು ನಿರ್ಮೂಲ ಮಾಡುವುದು ಬಹಳ ಕಷ್ಟ.

6. ನೀರಿನ ಬಳಕೆ

2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ನೀರಿನ ತೀವ್ರ ಅಭಾವವನ್ನು ಎದುರಿಸಿದಾಗ, ಕೈತೋಟ ಮತ್ತು ವಾಹನ ತೊಳೆಯುವಿಕೆ ಮೊದಲಾದವುಗಳಿಗೆ ಕುಡಿಯುವ ನೀರು ಬಳಸುವುದನ್ನು ಬೆಂಗಳೂರು ಜಲಮಂಡಳಿಯು ನಿಷೇಧಿಸಿ, ಉಲ್ಲಂಘನೆಗೆ ರೂ. 5,000 ದಂಡ ನಿಗದಿಪಡಿಸಿತು. 2025ರ ಫೆಬ್ರವರಿಯಲ್ಲಿಯೂ ಇಂತಹುದೇ ಆದೇಶ ಹೊರಬಿದ್ದಿತು. ಉದ್ಯಾನ ನಿರ್ವಹಣೆಯನ್ನು ಜೀವನೋಪಾಯವಾಗಿಸಿಕೊಳ್ಳುವವರು ಇದನ್ನು ಎಚ್ಚರಿಕೆಯೆಂದು ಭಾವಿಸತಕ್ಕದ್ದು.

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ನೀರು ನಿಲ್ಲಲು ಒಂದು ಲೀಟರ್ ಬೇಕು. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 4 ಮಿ.ಮೀ. ಎಂದು ಎಣಿಸಿದರೂ, 1,000 ಚದರಡಿ (ಸುಮಾರು 93 ಚದರ ಮೀಟರ್) ಹುಲ್ಲುಹಾಸಿಗೆ ದಿನಕ್ಕೆ ಸುಮಾರು 370 ಲೀಟರ್, ತಿಂಗಳಿಗೆ ಸುಮಾರು 11,000 ಲೀಟರ್ ಬೇಕಾಗುತ್ತದೆ. ಇದು ಹೆಚ್ಚುಕಡಿಮೆ 12,000 ಲೀಟರಿನ ಒಂದು ಟ್ಯಾಂಕರ್ ನೀರು. ಹೊಸ ಹುಲ್ಲುಹಾಸಿಗೆ ಒಪ್ಪಿಕೊಳ್ಳುವ ಮುನ್ನ ಈ ಲೆಕ್ಕವನ್ನು ಗ್ರಾಹಕರ ಮುಂದಿಡುವುದು ಸೇವೆ ನೀಡುವವರ ಕರ್ತವ್ಯ. ನೀರಿಲ್ಲದೆ ಒಣಗಿದ ಹುಲ್ಲುಹಾಸಿನೊಡನೆ ತಿಂಗಳ ಕರಾರೂ ಕೊನೆಗೊಳ್ಳುವ ಸಂಭವವಿರುತ್ತದೆ.

ಈ ಕೆಳಕಂಡ ಕ್ರಮಗಳು ಸಹಕಾರಿ:

- ವಸತಿ ಸಮುಚ್ಚಯಗಳಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದ ಸಂಸ್ಕರಿಸಿದ ನೀರನ್ನು, ಮನೆಗಳಲ್ಲಿ ಸಂಗ್ರಹಿಸಿದ ಮಳೆ ನೀರನ್ನು ಬಳಸುವುದು.
- ಬೆಳಗಿನ ಜಾವ ಅಥವಾ ಸಂಜೆ ನೀರುಣಿಸುವುದು. ದಿನವೂ ಚಿಮುಕಿಸುವ ಬದಲು ದಿನ ಬಿಟ್ಟು ದಿನ ಬೇರಿಗೆ ಇಳಿಯುವಂತೆ ಹಾಯಿಸುವುದು.
- ಬೇಸಿಗೆಯಲ್ಲಿ ಹುಲ್ಲನ್ನು ತುಸು ಎತ್ತರಕ್ಕೆ ಬಿಡುವುದು. ಇದರಿಂದ ಮಣ್ಣಿಗೆ ನೆರಳಾಗಿ ತೇವ ಉಳಿಯುತ್ತದೆ.
- ಗಿಡಗಳ ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕುವುದು.
- ಹುಲ್ಲುಹಾಸಿನ ವಿಸ್ತೀರ್ಣ ತಗ್ಗಿಸಿ ಕಣಗಿಲೆ, ದಾಸವಾಳ, ಕಾಗದದ ಹೂವಿನಂತಹ ಗಟ್ಟಿ ಗಿಡಗಳನ್ನು ಬೆಳೆಸಲು ಸಲಹೆ ನೀಡುವುದು. ಕಣಗಿಲೆ ವಿಷಕಾರಿಯಾದ್ದರಿಂದ ಮಕ್ಕಳು ಹಾಗೂ ದನಕರುಗಳು ಇರುವಲ್ಲಿ ಅದನ್ನು ನೆಡಬಾರದು.

7. ಲಿಖಿತ ಕರಾರು

ಬಾಯಿ ಮಾತಿನ ಒಪ್ಪಂದದಿಂದ ವಿವಾದಗಳು ಉದ್ಭವಿಸುತ್ತವೆ. ಒಂದು ಪುಟದ ಕರಾರಿನಲ್ಲಿ ಈ ಅಂಶಗಳನ್ನು ನಮೂದಿಸುವುದು: ತೋಟದ ಅಳತೆ, ತಿಂಗಳ ಭೇಟಿಗಳ ಸಂಖ್ಯೆ, ಪ್ರತಿ ಭೇಟಿಯ ಕೆಲಸಗಳು, ಗೊಬ್ಬರ ಮತ್ತು ಗಿಡಗಳ ವೆಚ್ಚ ಭರಿಸುವವರು, ನೀರು ಮತ್ತು ವಿದ್ಯುತ್ ಒದಗಿಸುವವರು, ಹಣ ಪಾವತಿಯ ದಿನಾಂಕ, ಮಳೆಯಿಂದ ತಪ್ಪಿದ ಭೇಟಿಗೆ ಬದಲಿ ದಿನ ಹಾಗೂ ಕರಾರು ಮುಕ್ತಾಯಕ್ಕೆ ನೀಡಬೇಕಾದ ಮುನ್ಸೂಚನೆ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಕೆಲಸ ಇಳಿಮುಖವಾದಾಗ ಅದೇ ಸಮಯವನ್ನು ಮಣ್ಣು ಬದಲಾವಣೆ, ಸವರುವಿಕೆ ಮತ್ತು ಕಾಂಪೋಸ್ಟ್ ಕೆಲಸಕ್ಕೆ ಬಳಸಲಾಗುವುದೆಂದು ಬರೆದುಕೊಂಡಲ್ಲಿ ವರ್ಷವಿಡೀ ಒಂದೇ ಪ್ರಮಾಣದ ಆದಾಯ ಸಾಧ್ಯ.

8. ನೋಂದಣಿ ಮತ್ತು ಅನುಮತಿಗಳು

ಅ) ಉದ್ಯಮ್ ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಯನ್ನು ಕೇಂದ್ರ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳೊಂದಿಗೆ ಸ್ವಯಂ ಘೋಷಣೆಯ ಮೂಲಕ ಪಡೆಯಬಹುದು. ಇದು ಸಂಪೂರ್ಣ ಉಚಿತ. ಶುಲ್ಕ ಕೇಳುವ ಖಾಸಗಿ ಜಾಲತಾಣಗಳ ಹಾಗೂ ಮಧ್ಯವರ್ತಿಗಳ ಬಗ್ಗೆ ಎಚ್ಚರ ವಹಿಸುವುದು.

ಆ) ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ ನೋಂದಣಿ: ಕಚೇರಿ ಅಥವಾ ಮಳಿಗೆ ತೆರೆದಲ್ಲಿ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸತಕ್ಕದ್ದು. ಸಸಿಗಳ ಮಾರಾಟ ಮಳಿಗೆಗೆ ಉದ್ದಿಮೆ ಪರವಾನಗಿಯ ಬಗ್ಗೆ ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸುವುದು.

ಇ) ಸರಕು ಮತ್ತು ಸೇವಾ ತೆರಿಗೆ: ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದಲ್ಲಿ ನೋಂದಣಿ ಅಗತ್ಯ.

ಈ) ಮರಗಳು: ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರಂತೆ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕು. ಖಾಸಗಿ ಆವರಣದ ಮರವೆಂದು ಗ್ರಾಹಕರು ಹೇಳಿದ ಮಾತ್ರಕ್ಕೆ ಕೊಡಲಿ ಹಾಕಬಾರದು. ದೊಡ್ಡ ಕೊಂಬೆಗಳನ್ನು ತೆಗೆಯುವ ಮುನ್ನವೂ ವಿಚಾರಿಸತಕ್ಕದ್ದು.

ಉ) ಕೀಟನಾಶಕಗಳು: ಕೀಟ ನಿಯಂತ್ರಣವನ್ನೇ ವಾಣಿಜ್ಯ ಸೇವೆಯಾಗಿ ನೀಡಲು ಪ್ರತ್ಯೇಕ ಪರವಾನಗಿ ಅಗತ್ಯ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ವಿಷದ ತೀವ್ರತೆಯನ್ನು ಇಳಿಕೆ ಕ್ರಮದಲ್ಲಿ ಸೂಚಿಸುತ್ತವೆ. ಮನೆಗಳ ಆವರಣದಲ್ಲಿ ಬೇವಿನ ಎಣ್ಣೆಯಂತಹ ಸೌಮ್ಯ ಕ್ರಮಗಳಿಗೆ ಆದ್ಯತೆ ನೀಡುವುದು.

ಊ) ತ್ಯಾಜ್ಯ: ಒಣ ಎಲೆ ಮತ್ತು ಹುಲ್ಲನ್ನು ಸುಡಬಾರದು, ರಸ್ತೆ ಬದಿ ಅಥವಾ ಚರಂಡಿಗೆ ಸುರಿಯಬಾರದು. ಆವರಣದಲ್ಲಿಯೇ ಕಾಂಪೋಸ್ಟ್ ಮಾಡುವುದು ಅಥವಾ ಸ್ಥಳೀಯ ಸಂಸ್ಥೆಯ ವ್ಯವಸ್ಥೆಗೆ ಒಪ್ಪಿಸುವುದು.

9. ಸಾಲ ಸೌಲಭ್ಯ

2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮುದ್ರಾ ಯೋಜನೆಯಡಿ ಯಾವುದೇ ಆಸ್ತಿ ಅಡಮಾನವಿಲ್ಲದೆ ಬ್ಯಾಂಕುಗಳಿಂದ ಸಾಲ ದೊರೆಯುತ್ತದೆ. ಶಿಶು ವರ್ಗದಲ್ಲಿ ರೂ. 50,000ದವರೆಗೆ, ಕಿಶೋರ ವರ್ಗದಲ್ಲಿ ರೂ. 5 ಲಕ್ಷದವರೆಗೆ ಹಾಗೂ ತರುಣ ವರ್ಗದಲ್ಲಿ ರೂ. 10 ಲಕ್ಷದವರೆಗೆ ಅವಕಾಶವಿದೆ. ಕಲಂ 4ರ ಉದಾಹರಣೆಯಲ್ಲಿನ ಯಂತ್ರೋಪಕರಣಗಳ ಒಟ್ಟು ಬೆಲೆ ರೂ. 42,000 ಆಗಿದ್ದು, ಶಿಶು ವರ್ಗದ ಮಿತಿಯೊಳಗೆ ಬರುತ್ತದೆ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಲಗತ್ತಿಸಬೇಕಾದ ದಾಖಲೆಗಳು:

- ಗುರುತು ಮತ್ತು ವಿಳಾಸದ ಪುರಾವೆ (ಆಧಾರ್, ಪ್ಯಾನ್, ಮತದಾರರ ಗುರುತಿನ ಚೀಟಿ)
- ಇತ್ತೀಚಿನ ಭಾವಚಿತ್ರ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ
- ಖರೀದಿಸಲಿರುವ ಯಂತ್ರಗಳ ದರಪಟ್ಟಿ
- ಉದ್ಯಮ್ ನೋಂದಣಿ ಪತ್ರ
- ಅನ್ವಯಿಸಿದಲ್ಲಿ ಜಾತಿ ಪ್ರಮಾಣ ಪತ್ರ
- ಗ್ರಾಹಕರೊಡನೆ ಮಾಡಿಕೊಂಡ ಕರಾರುಗಳಿದ್ದಲ್ಲಿ ಅವುಗಳ ಪ್ರತಿ

ಕೊನೆಯದು ಕಡ್ಡಾಯವಲ್ಲವಾದರೂ, ತಿಂಗಳ ಆದಾಯದ ಭರವಸೆಯನ್ನು ಬ್ಯಾಂಕಿಗೆ ತೋರಿಸಲು ಅದಕ್ಕಿಂತ ಉತ್ತಮ ದಾಖಲೆಯಿಲ್ಲ. ಸಹಾಯಧನ ಸಹಿತ ಸಾಲದ ಯೋಜನೆಗಳ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು.

10. ಸುರಕ್ಷತೆ ಮತ್ತು ಕೆಲಸಗಾರರ ಹಿತ

ಯಂತ್ರ ಚಲಾಯಿಸುವ ಮುನ್ನ ಹುಲ್ಲಿನಲ್ಲಿರುವ ಕಲ್ಲು, ತಂತಿ, ಗಾಜಿನ ಚೂರುಗಳನ್ನು ಹೆಕ್ಕಿ ತೆಗೆಯತಕ್ಕದ್ದು. ಅಲಗಿಗೆ ಸಿಕ್ಕ ಕಲ್ಲು ದೂರ ನಿಂತವರ ಕಣ್ಣಿಗೂ ಅಪಾಯ ತರಬಲ್ಲದು. ಮುಚ್ಚಿದ ಬೂಟು ಮತ್ತು ಕನ್ನಡಕವಿಲ್ಲದೆ ಕೆಲಸ ಮಾಡಬಾರದು. ಎಂಜಿನ್ ನಿಲ್ಲಿಸದೆ, ವಿದ್ಯುತ್ ಸಂಪರ್ಕ ತೆಗೆಯದೆ ಅಲಗನ್ನು ಮುಟ್ಟಬಾರದು.

ಸಹಾಯಕರನ್ನು ನೇಮಿಸಿಕೊಂಡಲ್ಲಿ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ ನೀಡುವುದು ಕಡ್ಡಾಯ. ಅಸಂಘಟಿತ ಕಾರ್ಮಿಕರು ಇ-ಶ್ರಮ್ ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಬ್ಯಾಂಕ್ ಖಾತೆ ಹೊಂದಿರುವ 18ರಿಂದ 70 ವರ್ಷದವರು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ ವರ್ಷಕ್ಕೆ ರೂ. 20 ಕಂತಿಗೆ ರೂ. 2 ಲಕ್ಷದವರೆಗಿನ ಅಪಘಾತ ವಿಮೆ ಪಡೆಯಬಹುದು. ಮಾಲೀಕರು ಮೊದಲು ತಮ್ಮ ಹೆಸರಿನಲ್ಲಿಯೂ ಇದನ್ನು ಮಾಡಿಸಿಕೊಳ್ಳುವುದು.

11. ಉದ್ಯಮದ ವಿಸ್ತರಣೆ

ಸ್ವಂತ ದುಡಿಮೆಯ ಎಲ್ಲ ಗಂಟೆಗಳೂ ತುಂಬಿ, ಹೊಸ ಗ್ರಾಹಕರನ್ನು ಹಿಂದಕ್ಕೆ ಕಳುಹಿಸುವ ಸ್ಥಿತಿ ಬಂದಾಗ ಮಾತ್ರ ಸಹಾಯಕರನ್ನು ನೇಮಿಸಿಕೊಳ್ಳುವುದು. ಯಾವ ಮನೆಗೆ ಎಷ್ಟು ಸಮಯ ತಗುಲಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟವರಿಗೆ ಈ ನಿರ್ಧಾರ ಸುಲಭ. ಎರಡನೇ ಹಂತದಲ್ಲಿ ಸಣ್ಣ ಸಸ್ಯಪಾಲನೆ, ಕಾಂಪೋಸ್ಟ್ ಮಾರಾಟ ಮತ್ತು ಹನಿ ನೀರಾವರಿ ಜೋಡಣೆಯನ್ನು ಸೇರಿಸಬಹುದು. ಲಾಲ್‌ಬಾಗಿನಲ್ಲಿ ಸ್ವಾತಂತ್ರ್ಯೋತ್ಸವ ಹಾಗೂ ಗಣರಾಜ್ಯೋತ್ಸವದ ಸಂದರ್ಭದಲ್ಲಿ ಏರ್ಪಡುವ ಫಲಪುಷ್ಪ ಪ್ರದರ್ಶನಗಳು ಹೊಸ ತಳಿ ಮತ್ತು ಉಪಕರಣಗಳನ್ನು ಕಾಣಲು ಉತ್ತಮ ಅವಕಾಶ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಸ್ಥೆಯೊಂದು ಕೆಲಸ ಮಾಡಿಸಿಕೊಂಡು ತಿಂಗಳುಗಟ್ಟಲೆ ಹಣ ನೀಡದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರಂತೆ ಖರೀದಿದಾರರು ಒಪ್ಪಿದ ದಿನಾಂಕದೊಳಗೆ ಹಣ ಪಾವತಿಸಬೇಕು. ಈ ಅವಧಿ 45 ದಿನ ಮೀರುವಂತಿಲ್ಲ. ವಿಳಂಬಕ್ಕೆ ಬಡ್ಡಿ ನೀಡಬೇಕಾಗುತ್ತದೆ. ಕೆಲಸಕ್ಕೆ ಮೊದಲೇ ಉದ್ಯಮ್ ನೋಂದಣಿ ಹೊಂದಿದವರು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ದೂರು ಸಲ್ಲಿಸಬಹುದು. ಬಿಲ್ಲು ಮತ್ತು ಕರಾರಿನ ಪ್ರತಿಗಳನ್ನು ಜೋಪಾನವಾಗಿ ಇರಿಸಿಕೊಳ್ಳುವುದು.

ಪ್ರಶ್ನೆ: ಗ್ರಾಹಕರು ಪಕ್ಕದವರ ಕಡಿಮೆ ದರ ತೋರಿಸಿ ಚೌಕಾಸಿ ಮಾಡಿದಲ್ಲಿ?
ಉತ್ತರ: ದರ ಇಳಿಸುವ ಬದಲು ಭೇಟಿಗಳ ಸಂಖ್ಯೆ ಅಥವಾ ಕೆಲಸದ ಪಟ್ಟಿಯನ್ನು ಇಳಿಸುವುದು. ಗಂಟೆಯ ವೆಚ್ಚಕ್ಕಿಂತ ಕಡಿಮೆಗೆ ಒಪ್ಪಿದ ಕೆಲಸವು ಪ್ರತಿ ತಿಂಗಳೂ ನಷ್ಟವನ್ನೇ ತರುತ್ತದೆ.

ಪ್ರಶ್ನೆ: ಸ್ವಸಹಾಯ ಸಂಘದ ಮಹಿಳೆಯರು ಈ ಉದ್ಯಮ ಕೈಗೊಳ್ಳಬಹುದೇ?
ಉತ್ತರ: ಕೈಗೊಳ್ಳಬಹುದು. ಯಂತ್ರಗಳನ್ನು ಸಂಘದ ಹೆಸರಿನಲ್ಲಿ ಕೊಂಡು, ಒಂದೇ ಬಡಾವಣೆಯ ಮನೆಗಳನ್ನು ಸದಸ್ಯರು ಹಂಚಿಕೊಂಡಲ್ಲಿ ಪ್ರತಿಯೊಬ್ಬರ ಬಂಡವಾಳದ ಹೊರೆ ತಗ್ಗುತ್ತದೆ.

ಸೂಚನೆ

ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಿಂದ ಇತ್ತೀಚಿನ ನಿಯಮ, ಶುಲ್ಕ ಮತ್ತು ಕೊನೆಯ ದಿನಾಂಕಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು. ತೋಟಗಾರಿಕೆಯ ತಾಂತ್ರಿಕ ಸಲಹೆಗಾಗಿ ತಾಲ್ಲೂಕು ಮಟ್ಟದ ತೋಟಗಾರಿಕೆ ಕಚೇರಿಯನ್ನು, ಸಾಲ ಸಂಬಂಧಿತ ಮಾಹಿತಿಗಾಗಿ ಹತ್ತಿರದ ಬ್ಯಾಂಕ್ ಶಾಖೆಯನ್ನು ಕಚೇರಿ ವೇಳೆಯಲ್ಲಿ ಖುದ್ದಾಗಿ ಸಂಪರ್ಕಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ.